ಹಿಡಿಯಕ್ಕಿ ಪುಷ್ಪಕ್ಕನ ಎರಡನೇ ಚೀಲ

ದೇವರು ಎಲ್ಲವನ್ನೂ ನೋಡುತ್ತಾನೆ ಎಂಬುದು ರಾಣೆಬೆನ್ನೂರಿನ ನಮ್ಮ ಚಿಕ್ಕ ಕ್ರೈಸ್ತ ಸಭೆಯ ದೃಢವಾದ ನಂಬಿಕೆ. ಅಡಿಗೆಮನೆಗಳನ್ನು ಮಾತ್ರ ಆತ ಪುಷ್ಪಲತಾಬಾಯಿಯವರ ವಶಕ್ಕೆ ಬಿಟ್ಟಿದ್ದಾನೆ ಎಂಬುದು ನಮ್ಮೆಲ್ಲರ ಅಷ್ಟೇ ದೃಢವಾದ ಅನುಭವ.

ಪುಷ್ಪಕ್ಕ ಹಿಡಿಯಕ್ಕಿ ಕೂಡಿಸುವವರು. ಇದು ನಮ್ಮ ಹೆಣ್ಣುಮಕ್ಕಳ ಹಳೆಯ ಪದ್ಧತಿ. ಅನ್ನಕ್ಕಿಡಲು ಅಕ್ಕಿ ಅಳೆದಾಗ ಅದರಲ್ಲಿ ಒಂದು ಹಿಡಿ ತೆಗೆದು, ದೇವರ ಪಾಲೆಂದು ಬೇರೆ ಡಬ್ಬಿಗೆ ಹಾಕಿಡುತ್ತಾರೆ. ಶನಿವಾರ ಯಾರಾದರೂ ಮನೆಮನೆಗೆ ಹೋಗಿ ಅದನ್ನು ಕೂಡಿಸಿ ತರಬೇಕು. ಭಾನುವಾರ ಅದು ಕಾಣಿಕೆಯಾಗಿ ವೇದಿಯ ಮುಂದೆ ಬರುತ್ತದೆ, ಆಮೇಲೆ ಇಲ್ಲದವರ ಮನೆ ಸೇರುತ್ತದೆ. ಆ 'ಯಾರಾದರೂ' ಎಷ್ಟೋ ವರ್ಷಗಳಿಂದ ಪುಷ್ಪಕ್ಕನೇ. ಬೇರೆಯವರು ಒಮ್ಮೆ ಪ್ರಯತ್ನಿಸಿದ್ದರು. ಅವರು ಅಕ್ಕಿಯನ್ನಷ್ಟೇ ತಂದರು, ಸುದ್ದಿ ಏನೂ ತರಲಿಲ್ಲ. ಸಭೆಗೆ ಅದು ರುಚಿಸಲಿಲ್ಲ.

ಪುಷ್ಪಕ್ಕ ಹುಟ್ಟಿದ್ದು ಬ್ಯಾಡಗಿಯಲ್ಲಿ, ದುಡಿದದ್ದು ಆಸ್ಪತ್ರೆಯಲ್ಲಿ, ನರ್ಸ್ ಆಗಿ. ನಿವೃತ್ತಿ ಆಯಿತು, ವಾರ್ಡಿನ ರೌಂಡು ಮಾತ್ರ ನಿಲ್ಲಲಿಲ್ಲ. ಹಿಡಿಯಕ್ಕಿಗೆ ಬಂದವರು ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತಾರೆ. ಮುಂದಿನ ಬಾಗಿಲಿನಿಂದ ಬಂದರೆ ಮನೆಯವರಿಗೆ ಸಾವರಿಸಿಕೊಳ್ಳಲು ಸಮಯ ಸಿಗುತ್ತದೆ ಎಂಬುದು ಅವರ ಲೆಕ್ಕ. "ಶುಗರ್ ಐತಿ ಅಂತೀದಿ, ಬೆಲ್ಲದ ಡಬ್ಬಿ ಯಾಕ ಕೈಗೆ ಸಿಗೂಹಂಗ ಇಟ್ಟೀದಿ?" ಎನ್ನುತ್ತ ಡಬ್ಬಿಯನ್ನು ಮೇಲಿನ ಗೂಡಿಗೆ ಏರಿಸಿ, ಅಕ್ಕಿ ಸುರಿದುಕೊಂಡು, ಚಾ ಕುಡಿದು, ಮುಂದಿನ ಮನೆಗೆ ನಡೆಯುತ್ತಾರೆ.

ಯಜಮಾನರು ತೀರಿಕೊಂಡಿದ್ದಾರೆ. ಮಗ ಬೆಳಿಗ್ಗೆ ಹಾವೇರಿಯ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಇಳಿಯುತ್ತಾನೆ. ಸೊಸೆ ಭುವನಾ ಬೀಜದ ಕಂಪನಿಯ ಆಫೀಸಿನಲ್ಲಿ. ವಾರವೆಲ್ಲ ಪುಷ್ಪಕ್ಕ ಮಾತು ಕೂಡಿಹಾಕುತ್ತಾರೆ, ಶನಿವಾರ ಖರ್ಚು ಮಾಡುತ್ತಾರೆ. ಇದನ್ನವರು ಯಾರ ಮುಂದೆಯೂ ಒಪ್ಪಿದ್ದಿಲ್ಲ, ದೇವರ ಸೇವೆ ಎನ್ನುತ್ತಾರೆ. ದೇವರಿಗೆ ನಿಜ ಗೊತ್ತಿದ್ದಿರಬೇಕು, ಆತನೂ ದಾಕ್ಷಿಣ್ಯಕ್ಕೆ ಸುಮ್ಮನಿದ್ದಾನೆ.

ಇಂಥ ಶನಿವಾರಕ್ಕೇ ಕುತ್ತು ಬಂತು. ತಂದವರು ದೇವಸಹಾಯ ಗುತ್ತಲ ಸರ್.

ಗುತ್ತಲ ಸರ್ ನಿವೃತ್ತ ಮುಖ್ಯೋಪಾಧ್ಯಾಯರು, ನಮ್ಮ ಸಭಾ ಸಮಿತಿಯ ಕಾರ್ಯದರ್ಶಿ. ಒಳ್ಳೆಯವರೇ. ಆದರೆ ಪ್ರಾರ್ಥನೆ ಮಾಡುವಾಗಲೂ ಒಂದು ಕಣ್ಣನ್ನು ಅರೆ ತೆರೆದಿಟ್ಟಿರುತ್ತಾರೆ, ದೇವರು ಸಾಲಿನಲ್ಲಿ ನೆಟ್ಟಗೆ ನಿಂತಿದ್ದಾನೋ ಇಲ್ಲವೋ ಎಂದು ನೋಡುವವರ ಹಾಗೆ. "ನಮ್ಮೂರ ಮೆಣಸಿನಕಾಯಿ ಇದ್ದಂಗ ಅವರು. ಬಣ್ಣ ಭಾಳ, ಖಾರ ಕಡಿಮಿ" ಎಂದು ಬ್ಯಾಡಗಿಯ ಪುಷ್ಪಕ್ಕ ಹೇಳುವುದುಂಟು. ಈ ಸಲ ಮಾತ್ರ ಖಾರವೂ ಹತ್ತಿತು.

ಆದದ್ದಿಷ್ಟು. ದೇವರ ಸೃಷ್ಟಿಯನ್ನು ಕಾಪಾಡುವುದು ಹೇಗೆ ಎಂಬ ಬಗ್ಗೆ ಧಾರವಾಡದಲ್ಲಿ ಒಂದು ದಿನದ ಶಿಬಿರ ನಡೆಯಿತು. ಗುತ್ತಲ ಸರ್ ಹೋಗಿ ಬಂದರು. ಬರುವಾಗ 'ಪ್ಲಾಸ್ಟಿಕ್ ತ್ಯಜಿಸಿ' ಎಂದು ಬರೆದ ಒಂದು ಬಟ್ಟೆಯ ಕೈಚೀಲವನ್ನು ತಂದರು. ಮಾಸೀತೆಂದು ಅದನ್ನು ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆಯಲೇ ಇಲ್ಲ. ಮರುವಾರ ಆರಾಧನೆ ಮುಗಿದ ಮೇಲೆ ಆ ಕವರನ್ನು ಎದೆಗೆ ಅವುಚಿಕೊಂಡು ಎದ್ದು ನಿಂತರು.

"ಇನ್ನ ಮುಂದ ನಮ್ಮ ಸಭಾದಾಗ ಒಣಕಸ ಬ್ಯಾರೆ ಆಗಬೇಕು. ಗೇಟಿನ ಹತ್ರ ನನ್ನ ಸ್ವಂತ ವೆಚ್ಚದಾಗ ಒಂದ ಡ್ರಮ್ ಇಡಸ್ತೇನಿ. ಎಲ್ಲಾರೂ ತಮ್ಮ ಮನೀ ಪ್ಲಾಸ್ಟಿಕ್ ಅದರಾಗ ತಂದು ಹಾಕಬೇಕು. ಮತ್ತ ಹಿಡಿಯಕ್ಕಿ ಅಂತ ಮನೀ ಮನೀ ತಿರುಗೂದೂ ಹಳೇ ಪದ್ಧತಿ ಆತು. ಅಕ್ಕಿ ಬದಲಿ ಫೋನಿನ್ಯಾಗ ರೊಕ್ಕಾ ಹಾಕಿದ್ರ ಮುಗೀತು. ಪುಷ್ಪಬಾಯಿಯವರಿಗೂ ವಯಸ್ಸಾಗೇತಿ, ಸನ್ಮಾನ ಮಾಡಿ ವಿಶ್ರಾಂತಿ ಕೊಡೋಣು."

ಸನ್ಮಾನ ಎಂಬ ಮಾತು ಕೇಳಿ ಪುಷ್ಪಕ್ಕನ ಮುಖ ಇಳಿಯಿತು. ನಮ್ಮ ಕಡೆ ಸನ್ಮಾನ ಎಂದರೆ ಗೊತ್ತಲ್ಲ, ಶಾಲು ಹೊದಿಸಿ ಮೂಲೆಗೆ ಕೂರಿಸುವುದು.

"ವಯಸ್ಸ ನನಗಷ್ಟ ಆಗೇತೇನ್ರಿ ಸರ್? ನೀವೇನ್ ಕೂಸ?" ಎಂದರು ಕುಳಿತಲ್ಲಿಂದಲೇ. "ಡ್ರಮ್ ಯಾರ ಮನೀಗರ ಹೋಗತೇತೇನು? ಅಕ್ಕಿ ಜೋಡಿ ಪ್ಲಾಸ್ಟಿಕ್ಕೂ ನಾನ ತರತೇನಿ. ಇನ್ನೊಂದ ಚೀಲ ಹಿಡಕೊಂಡ್ರ ಆತು."

ನಮ್ಮ ಪಾಸ್ಟರ್ ಹೊಸಬರು, ಮಂಗಳೂರು ಕಡೆಯ ಯುವಕರು. ಇಬ್ಬರ ಮಾತೂ ಅವರಿಗೆ ಅರ್ಧರ್ಧ ತಿಳಿಯಿತು. "ಹಾಗಾದರೆ ಎರಡನ್ನೂ ಮಾಡಿ ನೋಡುವ" ಎಂದರು ಮೆಲ್ಲಗೆ. ಗುತ್ತಲ ಸರ್ ಕೂಡಲೇ ಅದಕ್ಕೊಂದು ಪರೀಕ್ಷೆ ಕಟ್ಟಿದರು. ಬೆಳೆ ಹಬ್ಬದವರೆಗೆ ಡ್ರಮ್ಮೂ ಇರಲಿ, ಚೀಲವೂ ಇರಲಿ. ಯಾವುದರಲ್ಲಿ ಹೆಚ್ಚು ಪ್ಲಾಸ್ಟಿಕ್ ಬರುತ್ತದೋ ಅದು ಉಳಿಯುತ್ತದೆ. ಡ್ರಮ್ ಗೆದ್ದರೆ ಶನಿವಾರದ ತಿರುಗಾಟ ಬಂದ್, ಅಕ್ಕಿಯದೂ ಕೂಡ. ನಾವೆಲ್ಲ ಕೈ ಎತ್ತಿದೆವು. ಊಟದ ಹೊತ್ತಾಗಿತ್ತು.

ಮೊದಲ ಶನಿವಾರ ಪುಷ್ಪಕ್ಕನ ಎರಡನೇ ಚೀಲ ಕಂಠಮಟ್ಟ ತುಂಬಿತು. ತುಂಬಿದ್ದಕ್ಕೆ ಸಂತೋಷಪಡಬೇಕಾದವರು, ತುಂಬಿದ್ದೇನು ಎಂದು ನೋಡಿ ಸಿಟ್ಟಾದರು. ಹಳೆಯ ನರ್ಸ್‌ಗೆ ರೋಗಿ ಸಿಕ್ಕರೆ ಸಾಲದು, ರೋಗದ ಕಾರಣವೂ ಬೇಕು.

"ಇದೇನ ಶಾರದವ್ವಾ, ಬೆಳ್ಳುಳ್ಳಿ ಪೇಸ್ಟಿನ ಪಾಕೀಟ? ಮನ್ಯಾಗ ಅರಿಯೂ ಕಲ್ಲ ಇಲ್ಲೇನ?"

"ಐತ್ರಿ ಪುಷ್ಪಕ್ಕಾ. ಮೊಳಕೈ ನೋವರಿ."

"ಮೊಳಕೈ ನೋವಿಗೆ ಅರಿಯೂದ ಔಷಧ. ನಾ ನರ್ಸ್ ಇದ್ದಾಕಿ, ನನಗ ಹೇಳತಿ? ಮತ್ತ ಇದು, ಸಕ್ಕರಿ ಪಾಕೀಟ, ಬ್ಯಾಳಿ ಪಾಕೀಟ, ರವಾ ಪಾಕೀಟ. ನಿಮ್ಮವ್ವ ನಿನ್ನ ಮದಿವ್ಯಾಗ ಕೊಟ್ಟ ಡಬ್ಬಿ ಎಲ್ಲಿ ಹೋದುವು? ಅವು ಏನ್ ನೋಡಾಕಷ್ಟ ಅದಾವೇನ?"

ಶಾರದವ್ವ ಆ ವಾರವಿಡೀ ಉರಿದಳು. ಮರುವಾರ ಮಾತ್ರ ಡಬ್ಬಿಗಳನ್ನು ತಿಕ್ಕಿ ತೊಳೆದು, ಚೀಲಕ್ಕೆ ಹಾಕಿಕೊಂಡು ಕಾಸೀಮಸಾಬನ ಕಿರಾಣಿ ಅಂಗಡಿಗೆ ಹೋದಳು. ಅಲ್ಲಿ ನೋಡಿದರೆ ನಮ್ಮ ಸಭೆಯ ಇನ್ನೂ ನಾಲ್ಕಾರು ಹೆಂಗಸರು ಡಬ್ಬಿ ಹಿಡಿದು ನಿಂತಿದ್ದಾರೆ. ಪುಷ್ಪಕ್ಕ ಅವರ ಮನೆಗಳಿಗೂ ಹೋಗಿದ್ದರಲ್ಲ.

"ಏನ್ರಿ ಇದು, ನಿಮ್ಮ ಮಂದಿ ಎಲ್ಲಾ ಭಾಂಡೆ ಹಿಡಕೊಂಡ ಬರಾಕತ್ತೀರಿ? ಯಾರ್ದರ ಮದಿವಿ ಐತೇನ?" ಎಂದ ಕಾಸೀಮಸಾಬ.

"ಮದಿವಿ ಅಲ್ಲೋ ಮಾರಾಯ, ನಾಳೆ ಶನಿವಾರ" ಎಂದಳು ಶಾರದವ್ವ.

ಹೀಗೆ ವಾರದಿಂದ ವಾರಕ್ಕೆ ಪುಷ್ಪಕ್ಕನ ಚೀಲ ಸಣ್ಣದಾಗುತ್ತ ಬಂತು. ಹಾಲಿನ ಪಾಕೀಟು, ಶಾಂಪೂವಿನ ಚೀಟಿ, ಎಲ್ಲೋ ಒಂದು ಔಷಧದ ಬಾಟ್ಲಿ. ಕೊನೆಕೊನೆಗೆ ಚೀಲ ಹೆಗಲ ಮೇಲೆ ನಿಲ್ಲದೆ ಗಾಳಿಗೆ ಹಾರತೊಡಗಿತು.

ಇತ್ತ ಗೇಟಿನ ಬಳಿ ನೀಲಿ ಡ್ರಮ್ ಬಂದು ನಿಂತಿತ್ತು. ಅದರ ಮೇಲೆ 'ಒಣಕಸ' ಎಂದು ಚಿಕ್ಕದಾಗಿಯೂ, 'ದಾನಿಗಳು: ಶ್ರೀ ದೇವಸಹಾಯ ಗುತ್ತಲ, ನಿವೃತ್ತ ಮುಖ್ಯೋಪಾಧ್ಯಾಯರು' ಎಂದು ದೊಡ್ಡದಾಗಿಯೂ ಬರೆಸಿದ್ದರು. ಮೊದಲ ವಾರ ಅದರೊಳಗೆ ಸಿಕ್ಕಿದ್ದು ಒಂದು ಹರಿದ ಚಪ್ಪಲಿ ಮತ್ತು ಎರಡು ಬಾಳೆಹಣ್ಣಿನ ಸಿಪ್ಪೆ. ಅದನ್ನು ಓದಿದವರು ಹೆಚ್ಚು, ತುಂಬಿದವರು ಕಡಿಮೆ. ಮೂರನೇ ವಾರ ಇದ್ದಕ್ಕಿದ್ದಂತೆ ಡ್ರಮ್ ತುಂಬಿ ತುಳುಕಿತು.

ಅದು ಹೇಗೆ ತುಂಬಿತು ಎಂಬುದು ನಮಗೆ ಬಹಳ ತಡವಾಗಿ ತಿಳಿಯಿತು. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಪ್ರತಿ ಸೋಮವಾರ ಡ್ರಮ್ಮಿನದನ್ನೂ ಚೀಲದ್ದನ್ನೂ ಒಯ್ಯಲು ಗುಜರಿ ಅಂಗಡಿಯ ಬುಡನಸಾಬ ತಳ್ಳುಗಾಡಿ ತರುತ್ತಿದ್ದ. ಗುತ್ತಲ ಸರ್ ಮೆಲ್ಲಗೆ ಅವನ ಅಂಗಡಿಯ ಹಿಂಬಾಗಿಲಿಗೆ ಹೋಗಿ, ಒಂದು ಚೀಲ ಪ್ಲಾಸ್ಟಿಕ್ ಕೊಂಡು, ಶನಿವಾರ ಡ್ರಮ್ಮಿಗೆ ಸುರಿಸಿದ್ದರು. ಸೋಮವಾರ ಬುಡನಸಾಬ ಅದನ್ನೇ ಮರಳಿ ಒಯ್ದ. ಶನಿವಾರ ಅದೇ ಮರಳಿ ಬಂತು. ಇಷ್ಟು ಭಕ್ತಿಯಿಂದ ವಾರಾವಾರ ದೇವಾಲಯಕ್ಕೆ ಬಂದು ಹೋಗುವುದು ನಮ್ಮ ಸಭೆಯ ಮನುಷ್ಯರಿಂದಲೂ ಆಗಿರಲಿಲ್ಲ.

ಪುಷ್ಪಕ್ಕ ತುಂಬಿದ ಡ್ರಮ್ಮನ್ನು ನೋಡಿದರು, ತಮ್ಮ ಚೀಲವನ್ನು ನೋಡಿದರು. ಬೆಳೆ ಹಬ್ಬ ಹತ್ತಿರ ಬಂದಿತ್ತು. ಸೊಸೆ ಭುವನಾ ಸಂಜೆ ಬಂದು ನೋಡಿದರೆ ಅತ್ತೆ ಒಲೆಯ ಮುಂದೆ ಸುಮ್ಮನೆ ಕುಳಿತಿದ್ದಾರೆ.

"ಯಾಕ್ರಿ ಅತ್ತಿ, ಮೈಯಾಗ ಆರಾಮ ಇಲ್ಲೇನ?"

"ಮೈಗೇನಾಗೇತಿ. ಶನಿವಾರ ನಿಂತ್ರ ನಾ ಏನ್ ಮಾಡಲೆ ಭುವನಾ? ನಿಮ್ಮ ಟೀವಿ ನೋಡಲ್ಯಾ?"

"ಹೋಗ್ಲಿ ಬಿಡ್ರಿ, ಆರಾಮ ಕುಂದ್ರಬಹುದಲ್ಲ."

"ಆರಾಮ ಕುಂತವ್ರನ್ನ ನಾ ಆಸ್ಪತ್ರಿಯೊಳಗ ಭಾಳ ನೋಡೇನಿ" ಎಂದರು ಪುಷ್ಪಕ್ಕ.

ಮರುದಿನ ಸೆರಗು ಹೊದ್ದು ಅವರೂ ಹೋಗಿದ್ದು ಬುಡನಸಾಬನ ಅಂಗಡಿಗೆ. ಮುಂಬಾಗಿಲಿನಿಂದ ಹೋಗಲು ಅವರಿಗೆ ಮೊದಲೇ ಬರುವುದಿಲ್ಲ.

"ಬುಡನಸಾಬ, ಒಂದ ಚೀಲ ಮಾಲ ಬೇಕಾಗಿತ್ತು."

"ಯಾವ ಮಾಲರಿ ಅಕ್ಕಾರ?"

"ಇದ, ಪ್ಲಾಸ್ಟಿಕ್ಕು. ಸ್ವಚ್ಛ ಇರಬೇಕ ಮತ್ತ. ದೇವರ ಮುಂದ ಇಡೂದು."

ಬುಡನಸಾಬ ಗಡ್ಡ ಕೆರೆದುಕೊಂಡ. "ಇಷ್ಟ ದಿನ ಮಂದಿ ನನಗ ಮಾರಾಕ ಬರತಿದ್ರು. ಈಗ ನೋಡಿದ್ರ ನಿಮ್ಮ ಗುಡಿ ಮಂದಿ ಎಲ್ಲಾರೂ ಕೊಳ್ಳಾಕ ಬರಾಕತ್ತೀರಿ. ಕಾಲ ಕೆಟ್ಟೇತೋ ಸುಧಾರಿಸೇತೋ ತಿಳಿವಲ್ದು."

"ಎಲ್ಲಾರೂ ಅಂದ್ರ? ಮತ್ಯಾರ ಬಂದಿದ್ರು?"

"ಎಲ್ಲಾರೂ ಅಂದ್ನೇನ? ಬಾಯಿ ತಪ್ಪಿ ಬಂತು ಬಿಡ್ರಿ. ವ್ಯಾಪಾರದಾಗ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಹೇಳಬಾರ್ದು." ಅವನು ಚೀಲ ಹುಡುಕಲು ಒಳಗೆ ಹೋದ. ತಿರುಗಿ ಬಂದು, "ಸದ್ಯ ಮಾಲ ಕಡಿಮಿ ಐತ್ರಿ. ಬ್ಯಾಡಗಿಯಿಂದ ತರಸ್ತೇನಿ" ಎಂದ.

ತವರೂರಿನ ಹೆಸರು ಕೇಳಿ ಪುಷ್ಪಕ್ಕನಿಗೆ ಎಷ್ಟೋ ಸಮಾಧಾನವಾಯಿತು. ಸುಳ್ಳಾದರೂ ತವರಿನದು.

ಬ್ಯಾಡಗಿಯ ಪ್ಲಾಸ್ಟಿಕ್ ಬಂತು. ಬರುವಾಗ ಮೆಣಸಿನಕಾಯಿ ಪೇಟೆಯ ಹಳೇ ಗೋಣಿಚೀಲಗಳಲ್ಲಿ ಬಂತು. ಬುಡನಸಾಬ ಒಂದನ್ನು ಪುಷ್ಪಕ್ಕನಿಗೆ ಕೊಟ್ಟ, ಅಂಥದೇ ಇನ್ನೊಂದನ್ನು ಗುತ್ತಲ ಸರ್ ಅವರಿಗೆ ಕೊಟ್ಟ. ಆ ಭಾನುವಾರ ಪಾಸ್ಟರ್ ಪಶ್ಚಾತ್ತಾಪದ ಮೇಲೆ ಉಪದೇಶ ಮಾಡುತ್ತಿದ್ದರು. ವೇದಿಯ ಪಕ್ಕದಲ್ಲಿ ಒಂದು ಚೀಲ, ಬಾಗಿಲ ಬಳಿ ಗಾಳಿಗೆ ಎದುರಾಗಿ ತುಂಬಿದ ಡ್ರಮ್. ಮೊದಲು ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಹಿಂದೆಯೇ ಮೂಗೆಳೆಯುವ ಸದ್ದು. ನೋಡನೋಡುತ್ತ ಇಡೀ ಸಭೆಯ ಕಣ್ಣಲ್ಲಿ ನೀರು. ಮಂಗಳೂರಿನಿಂದ ಬಂದಂದಿನಿಂದ ಒಬ್ಬರನ್ನೂ ಅಳಿಸಲಾಗದಿದ್ದ ಪಾಸ್ಟರ್ ಅಂದು ಎಷ್ಟು ಹುರುಪುಗೊಂಡರೆಂದರೆ ಉಪದೇಶವನ್ನು ಇನ್ನೂ ಅರ್ಧಗಂಟೆ ಬೆಳೆಸಿದರು. ನಾವು ಇನ್ನಷ್ಟು ಅತ್ತೆವು.

ಬೆಳೆ ಹಬ್ಬ ಬಂತು. ಜನ ತಂತಮ್ಮ ಹೊಲದ ಗೋವಿನಜೋಳ, ಹಿತ್ತಲ ಕುಂಬಳಕಾಯಿ, ಗೂಡಿನ ಕೋಳಿಮೊಟ್ಟೆ ತಂದು ವೇದಿಯ ಮುಂದೆ ಪೇರಿಸಿದರು. ತೀರ್ಮಾನಕ್ಕೆಂದು ಧಾರವಾಡದಿಂದ ಒಬ್ಬ ಹಿರಿಯರನ್ನು ಕರೆಸಲಾಗಿತ್ತು. ಅವರಿಗಾಗಿ ಗುತ್ತಲ ಸರ್ ಹಾವೇರಿಯಿಂದ ಏಲಕ್ಕಿ ಹಾರ ತರಿಸಿದ್ದರು. ಹಾರ ಹಾಕುವಾಗ ತಾವೂ ಫೋಟೋದೊಳಗೆ ಬರುವಂತೆ ನಿಲ್ಲುವುದು ಹೇಗೆಂದು ಬೆಳಿಗ್ಗೆಯೇ ಅಭ್ಯಾಸ ಮಾಡಿಕೊಂಡಿದ್ದರು.

ಆ ದಿನವೇ ಬುಡನಸಾಬನಿಗೆ ಹಾವೇರಿಯಲ್ಲಿ ನೆಂಟರ ಮದುವೆ. ಹಬ್ಬಕ್ಕೆಂದು ಇಬ್ಬರೂ ಹೇಳಿಟ್ಟಿದ್ದ ಎರಡು ಚೀಲಗಳನ್ನೂ ಗಾಡಿಯ ಮೇಲಿಟ್ಟು, ಆರಾಧನೆ ಶುರುವಾಗುವ ಮೊದಲೇ ಹಿಂದಿನಿಂದ ಇಳಿಸಿ ಬಾ ಎಂದು ಹೆಂಡತಿ ಕುಲ್ಸುಮಬಿಗೆ ಹೇಳಿ ಹೋದ. ಯಾರದು ಯಾವುದು ಎಂದೂ ಹೇಳಿದ್ದ. ಆಕೆಗೆ ಮನೆಗೆಲಸ ಮುಗಿಸಿ ಬರುವಷ್ಟರಲ್ಲಿ ತಡವಾಯಿತು, ದಾರಿಯಲ್ಲಿ ಗುರುತೂ ಮರೆಯಿತು.

ಹಾರವನ್ನು ಕೈಯಲ್ಲೇ ಹಿಡಿದು ಗುತ್ತಲ ಸರ್ ವರದಿ ಒಪ್ಪಿಸುತ್ತಿದ್ದರು. "ನಮ್ಮ ಸಭೆಯ ಜನ ಸ್ವಯಂಪ್ರೇರಣೆಯಿಂದ, ಯಾರ ಒತ್ತಾಯವೂ ಇಲ್ಲದೆ, ಮನೆಮನೆಯಿಂದ ತಂದು..."

ಬಾಗಿಲಲ್ಲಿ ಗಾಡಿಯ ಸದ್ದು. ಕುಲ್ಸುಮಬಿ ಒಳಗೆ ಇಣುಕಿದಳು.

"ತಪ್ಪ ತಿಳ್ಕೋಬ್ಯಾಡ್ರಿ. ಪುಷ್ಪಕ್ಕಾ, ಇದರಾಗ ನಿಮ್ಮ ಚೀಲ ಯಾವುದರಿ, ಗುತ್ತಲ ಸರ್ ಚೀಲ ಯಾವುದು? ನಮ್ಮವರು ಹೇಳಿ ಹೋಗಿದ್ರು, ನನಗ ಮರತ ಹೋತು."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಯಾರೋ ಸೀನಿದರು.

"ಯಾವ ಚೀಲ? ಯಾರಮ್ಮಾ ನೀವು?" ಎಂದರು ಗುತ್ತಲ ಸರ್, ಶಾಲೆಗೆ ತಡವಾಗಿ ಬಂದವರನ್ನು ಕೇಳುವ ಧ್ವನಿಯಲ್ಲಿ.

"ಅಯ್ಯ! ಶನಿವಾರಕ್ಕೊಮ್ಮೆ ನಮ್ಮ ಹಿಂಬಾಗಲದಾಗ ಕುಂತು ನನ್ನ ಕೈಯಾಗಿನ ಚಾ ಕುಡೀತೀರಿ, ಸಕ್ಕರಿ ಕಡಿಮಿ ಆತು ಅಂತೀರಿ. ಈಗ ಯಾರು ಅಂತೀರಲ್ರೀ ಸರ್?"

ಗುತ್ತಲ ಸರ್ ಕೈಯಲ್ಲಿದ್ದ ಏಲಕ್ಕಿ ಹಾರವನ್ನೇ ನೋಡುತ್ತ ನಿಂತರು. ಪುಷ್ಪಕ್ಕ ಮಾತ್ರ ಎದ್ದರು.

"ಯಾವುದಾದ್ರೂ ನಡೀತೈತಿ ಕುಲ್ಸುಮಬಿ. ಎರಡೂ ಒಂದ ಪ್ಯಾಟಿ ಮಾಲು" ಎಂದವರು ಸಭೆಯ ಕಡೆ ತಿರುಗಿದರು. "ಹೌದು, ನಾನೂ ಕೊಂಡ ತಂದೇನಿ. ದೇವರ ಮುಂದ ಸುಳ್ಳ ಕಾಣಿಕಿ ಇಟ್ಟೇನಿ. ಖರೇ ಚೀಲ ಇದು."

ಬಗಲಲ್ಲಿ ಮಡಚಿಟ್ಟಿದ್ದ ಚೀಲವನ್ನು ತೆಗೆದು ಕೊಡವಿದರು. ಎರಡು ಹಾಲಿನ ಪಾಕೀಟು ಮತ್ತು ಒಂದು ಶಾಂಪೂ ಚೀಟಿ ಕುಂಬಳಕಾಯಿಯ ಪಕ್ಕ ಬಿದ್ದವು.

"ನಿನ್ನೆ ಎಲ್ಲಾ ಮನೀ ತಿರುಗಿದ್ರೂ ಬಂದದ್ದು ಇಷ್ಟ. ನಾ ಸೋತೆ. ನನ್ನ ಶನಿವಾರ ತಗೊಂಡ ಬಿಡ್ರಿ."

ದೇವರ ಸೇವೆ ಎಂದು ಇಷ್ಟು ವರ್ಷ ಹೇಳುತ್ತ ಬಂದವರು ಮೊದಲ ಸಲ ಅದನ್ನು ತಮ್ಮದೆಂದರು. ಆಗ ಶಾರದವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಬರತೈತಿ ಎಲ್ಲಿಂದ? ನೀ ಬಂದು ಮಾನಾ ಕಳೀತಿ ಅಂತ ಅಂಜಿ ನಾವು ಪಾಕೀಟ ತರೂದ ಬಿಟ್ಟೇವಿ. ನನ್ನ ಮೊಳಕೈ ಕೇಳು, ಹೇಳತೈತಿ. ಡಬ್ಬಿ ಹೊತ್ತು ಹೊತ್ತು ಹೆಗಲಾ ಬಿದ್ದಾವು!"

"ನಮ್ಮ ಮನ್ಯಾಗ ಚಿಪ್ಸ ಬಂದ್ ಆಗ್ಯಾವ್ರಿ" ಎಂದು ಗಂಡಸರ ಸಾಲಿನಿಂದ ಒಂದು ನೊಂದ ಧ್ವನಿ ಬಂತು.

"ಹೌದ್ರಿ, ಖರೇ ಐತಿ" ಎಂದಳು ಕುಲ್ಸುಮಬಿ. "ನಿಮ್ಮ ಮನೀಗಳಿಂದ ಮಾಲ ಬರೂದ ನಿಂತೈತಿ. ಅದಕ್ಕ ನಮ್ಮವರು ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲದಾಗ ತರಸಾಕತ್ತಾರ. ನನಗಂತೂ ಸೀನೂದ ನಿಂತಿಲ್ಲ."

ಪಾಸ್ಟರ್ ಅವರ ಮುಖ ಸಣ್ಣಗಾಯಿತು. ತಮ್ಮ ಪಶ್ಚಾತ್ತಾಪದ ಉಪದೇಶ ಅವರಿಗೆ ಆಗ ಬೇರೆಯದೇ ಬೆಳಕಿನಲ್ಲಿ ಕಂಡಿರಬೇಕು.

ಧಾರವಾಡದ ಹಿರಿಯರು ನಗು ತಡೆದುಕೊಂಡು ಕೇಳಿದರು: "ಅಲ್ರೀ, ಕಸ ಕಡಿಮಿ ಆಗಬೇಕು ಅಂತ ಹೊಂಟ ಮಂದಿ, ಹೆಚ್ಚ ಕಸ ತಂದವ್ರು ಗೆದ್ರು ಅಂತ ಯಾರ ಠರಾವ ಮಾಡಿದವ್ರು?"

ಕೈ ಎತ್ತಿದವರೆಲ್ಲ ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡೆವು.

"ಇದೊಂದು ಪ್ರಯೋಗ ಆಗಿತ್ತು" ಎಂದು ಗುತ್ತಲ ಸರ್ ಆರಂಭಿಸಿದರು. "ಮಾದರಿ ಅಂತ ನಾನೇ ಉದ್ದೇಶಪೂರ್ವಕವಾಗಿ..."

"ಸರ್, ಹಾರ ಹಿಸುಕಾಕತ್ತೀರಿ, ಏಲಕ್ಕಿ ಉದುರತಾವ" ಎಂದಳು ಶಾರದವ್ವ. ಹಿರಿಯರ ಕಡೆ ತಿರುಗಿ, "ಮಾತೇನ್ ಬ್ಯಾಡ್ರಿ. ಪುಷ್ಪಕ್ಕ ಬರೂದ ನಿಂತ್ರ ನಾಳಿಗೇ ನಾ ಬೆಳ್ಳುಳ್ಳಿ ಪೇಸ್ಟ್ ತರತೇನಿ. ಆಮ್ಯಾಲೆ ಸೃಷ್ಟಿ ಹಾಳಾತು ಅಂತ ನನಗ ಅನಬ್ಯಾಡ್ರಿ" ಎಂದಳು.

ಇಂಥ ಬೆದರಿಕೆಯ ಮುಂದೆ ಯಾವ ಸಮಿತಿ ನಿಂತೀತು? ಅಕ್ಕಿಯ ಚೀಲ, ಪ್ಲಾಸ್ಟಿಕ್ಕಿನ ಚೀಲ, ಶನಿವಾರ, ಮೂರೂ ಪುಷ್ಪಕ್ಕನಿಗೇ ಉಳಿದವು. ಕುಲ್ಸುಮಬಿ ಚೀಲಗಳನ್ನು ಗಾಡಿಯಲ್ಲೇ ಬಿಟ್ಟು, ಹಬ್ಬದ ಊಟ ಉಂಡು ಹೋದಳು.

ಮುಂದಿನ ಶನಿವಾರ ಪುಷ್ಪಕ್ಕ ಮೊದಲು ಹೋದದ್ದು ಗುತ್ತಲ ಸರ್ ಮನೆಗೆ. ಅವರು ಹಿತ್ತಲ ಬಾಗಿಲಲ್ಲೇ ಕಾಯುತ್ತ ನಿಂತಿದ್ದರು. ಇಸ್ತ್ರಿಯ ಅಂಗಿ, ಕೈಯಲ್ಲಿ ಹಿಡಿಯಕ್ಕಿಯ ಡಬ್ಬಿ.

"ಬರ್ರಿ ಪುಷ್ಪಬಾಯಿ. ಅಕ್ಕಿ ತಗೋರಿ. ಪ್ಲಾಸ್ಟಿಕ್ ಅಂತೀರೇನ, ನಮ್ಮ ಮನ್ಯಾಗ ಒಂದ ಚೂರೂ ಇಲ್ಲ. ಹಿಂಗ ಒಂದೂ ಇಲ್ಲದ ಮನಿ ಸಭಾದಾಗ ನಮ್ಮದ ಮೊದಲನೇದ್ದು. ನಾಳೆ ಪ್ರಕಟಣಾದಾಗ ಬೇಕಾದ್ರ ಹೇಳಬಹುದು."

ಪುಷ್ಪಕ್ಕ ಅಕ್ಕಿ ಸುರಿದುಕೊಂಡರು. ಅಡಿಗೆಮನೆಯ ಕಡೆ ಕಣ್ಣಾಡಿಸಿದರು. ಖರೇ, ಏನೂ ಇರಲಿಲ್ಲ. ಹೊರಡಬೇಕೆಂದು ತಿರುಗಿದವರು ಬಚ್ಚಲ ಕಟ್ಟೆಯ ಬಳಿ ನಿಂತು, ಬೋರಲು ಹಾಕಿದ್ದ ಬುಟ್ಟಿಯನ್ನು ಕಾಲಿನಿಂದ ಸ್ವಲ್ಪ ಸರಿಸಿದರು. ಕೆಳಗೆ ಮೂರು ನೀರಿನ ಬಾಟ್ಲಿಗಳು ಮಲಗಿದ್ದವು.

"ಅವು... ಅವು ನೆಂಟರವು" ಎಂದರು ಗುತ್ತಲ ಸರ್.

"ಹೌದೇನ? ನೆಂಟರ ಮನಿ ಎಲ್ಲೈತಿ ಹೇಳ್ರಿ" ಎಂದರು ಪುಷ್ಪಕ್ಕ, ಬಾಟ್ಲಿಗಳನ್ನು ಎರಡನೇ ಚೀಲಕ್ಕೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತ. "ಮುಂದಿನ ಶನಿವಾರ ಅಲ್ಲೂ ಹೋಗತೇನಿ. ಈಗ ಮೊದಲ ಚಾ ಇಡಾಕ ಹೇಳ್ರಿ."